ನರಕೋಶಕ್ಕೆ ಕಿವಿಗೊಡಲು ದೊಡ್ಡ ಟ್ರಾನ್ಸಿಸ್ಟರೇ ಬೇಕು

2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಒಬ್ಬ ಮನುಷ್ಯನ ಮಿದುಳಿಗೆ ಚಿಪ್ ಕೂರಿಸಿತು. ಆವತ್ತಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ, ಸಿರಿಗೆರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿ ಮಾತಿಗೆ ನಿಲ್ಲುವವರ ಬಾಯಲ್ಲೂ ಅದೇ ವಿಷಯ. ಪಿಯುಸಿ ಹುಡುಗನದು ನೇರ ಪ್ರಶ್ನೆ: “ಸಾರ್, ತಲೆಗೆ ಚಿಪ್ ಹಾಕಿದ್ರೆ ಮನಸ್ಸಲ್ಲಿರೋದೆಲ್ಲ ಗೊತ್ತಾಗ್ತೈತಾ?” ಭರಮಸಾಗರ ಕಡೆಯ ತಾಯಿಯೊಬ್ಬರ ಚಿಂತೆ ಬೇರೆ. ಮಗನಿಗೆ ಮೂರ್ಛೆರೋಗ, ಮಾತ್ರೆಗೆ ಬಗ್ಗುತ್ತಿಲ್ಲ, ಇಂಥದ್ದೇನಾದರೂ ಅವನಿಗೆ ಆಗಿಬರುತ್ತದೆಯೇ ಎಂದು ಕೇಳುತ್ತಾರೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳಿಗೆ ಇಂಥ ಚಿಪ್ ಮಾಡುವ ಕೆಲಸಕ್ಕೆ ತಾನೂ ಹೋಗಬಹುದೇ ಎಂಬ ಆಸೆ.

ಬೆಂಗಳೂರಿನಲ್ಲಿ ಅನಲಾಗ್ ಚಿಪ್ ವಿನ್ಯಾಸದ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ಈ ಮೂವರಿಗೂ ಬೇಕಾದ ಉತ್ತರದ ಬೇರು ಒಂದೇ ಕಡೆ ಇದೆ ಎಂಬುದು ನನ್ನ ತಿಳಿವಳಿಕೆ. ನರಕೋಶದ ವಿದ್ಯುತ್ ಸಂಕೇತ ಎಷ್ಟು ಸಣ್ಣದು, ಅದನ್ನು ಹಿಡಿಯಲು ಏನೇನು ಮಾಡಬೇಕು ಎನ್ನುವುದು ಅರ್ಥವಾದರೆ ಯಾವುದು ಸಾಧ್ಯ, ಯಾವುದು ಬರೀ ಸುದ್ದಿ, ನಮ್ಮ ಮಕ್ಕಳಿಗೆ ಇದರಲ್ಲಿ ಜಾಗ ಎಲ್ಲಿದೆ ಎಂಬುದೆಲ್ಲ ತಾನಾಗಿ ತಿಳಿಯಾಗುತ್ತದೆ.

ನರಕೋಶದ ಒಳಗೂ ಹೊರಗೂ ಉಪ್ಪುನೀರೇ. ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು, ನಡುವೆ ತೆಳ್ಳನೆಯ ಪೊರೆ. ಕೋಶ ಸುಮ್ಮನಿದ್ದಾಗ ಅದರ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಪ್ರಚೋದನೆ ಒಂದು ಮಟ್ಟ ದಾಟಿತೆಂದರೆ ಪೊರೆಯಲ್ಲಿನ ಸೋಡಿಯಂ ಬಾಗಿಲುಗಳು ತೆರೆದುಕೊಂಡು ಸೋಡಿಯಂ ಒಳನುಗ್ಗುತ್ತದೆ. ವೋಲ್ಟೇಜ್ ಸುಮಾರು 100 ಮಿಲಿವೋಲ್ಟ್ ಮೇಲಕ್ಕೆ ಜಿಗಿಯುತ್ತದೆ, ಆಮೇಲೆ ಪೊಟ್ಯಾಸಿಯಂ ಹೊರಹರಿದು ಮತ್ತೆ ಇಳಿಯುತ್ತದೆ. ಈ ಏರಿಳಿತಕ್ಕೆ ಹಿಡಿಯುವುದು ಒಂದೆರಡು ಮಿಲಿಸೆಕೆಂಡ್ ಅಷ್ಟೆ. ಇದೇ ಸ್ಪೈಕ್. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1939ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನೊಳಕ್ಕೇ ಎಲೆಕ್ಟ್ರೋಡ್ ತೂರಿಸಿ ಇದನ್ನು ಅಳೆದರು. 1952ರಲ್ಲಿ ಅದರ ಗಣಿತವನ್ನೂ ಬಿಡಿಸಿಟ್ಟರು, 1963ರಲ್ಲಿ ನೊಬೆಲ್ ಪಡೆದರು. ಆ ತಂತು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಬರಿಗಣ್ಣಿಗೆ ಕಾಣುವಂಥದ್ದು. ನಮ್ಮ ಮಿದುಳಿನ ತಂತುಗಳು ಅದಕ್ಕಿಂತ ನೂರಾರು ಪಟ್ಟು ತೆಳು. ಒಳಗೆ ಎಲೆಕ್ಟ್ರೋಡ್ ಚುಚ್ಚಿದರೆ ಕೋಶ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹಾಗಾಗಿ ತಿಂಗಳು, ವರ್ಷಗಟ್ಟಲೆ ಕೇಳಬೇಕೆಂದರೆ ಹೊರಗೇ ನಿಂತು ಕೇಳಬೇಕು. ಹೊರಗಿನ ಉಪ್ಪುನೀರಿನಲ್ಲಿ ಆ 100 ಮಿಲಿವೋಲ್ಟಿನ ನೆರಳು ಮಾತ್ರ ಸಿಗುತ್ತದೆ. ಕೋಶದ ಪಕ್ಕದಲ್ಲೇ ಇದ್ದರೆ 100 ಮೈಕ್ರೊವೋಲ್ಟಿನ ಆಸುಪಾಸು, ಅದೃಷ್ಟವಿದ್ದರೆ ಇನ್ನೂ ಕೊಂಚ ಜಾಸ್ತಿ. ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನು ಹದಿನೈದು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು. ಕೋಶದಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೂರ ಸರಿದರೆ ಅದೂ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಇದನ್ನು ಮಕ್ಕಳಿಗೆ ಕೇಳಿಸಬೇಕೆಂದು ನಮ್ಮ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ಜಿರಲೆಯ ಕಾಲಿನ ಪ್ರಯೋಗ ಮಾಡಿದ್ದೆ. ಅಮೆರಿಕದ ಬ್ಯಾಕ್‌ಯಾರ್ಡ್ ಬ್ರೈನ್ಸ್ ಎಂಬವರು ಶಾಲೆಗಳಿಗೆಂದು ರೂಪಿಸಿದ ಸರಳ ಪ್ರಯೋಗ ಅದು. ಜಿರಲೆಯನ್ನು ಐಸ್ ನೀರಿನಲ್ಲಿಟ್ಟು ಮರಗಟ್ಟಿಸಿ ಒಂದು ಕಾಲು ತೆಗೆದು, ಅದಕ್ಕೆ ಎರಡು ಗುಂಡುಸೂಜಿ ಚುಚ್ಚಿ, ಸೂಜಿಗಳ ನಡುವಿನ ವೋಲ್ಟೇಜನ್ನು ಸಾವಿರ ಪಟ್ಟಿನಷ್ಟು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು. ಕಾಲಿನ ಮುಳ್ಳುಗೂದಲಿಗೆ ಹುಡುಗಿಯೊಬ್ಬಳು ಮೆಲ್ಲಗೆ ಊದಿದಳು. ಸ್ಪೀಕರಿನಿಂದ ಮಳೆಯ ಮೊದಲ ಹನಿ ತಗಡಿಗೆ ಬಿದ್ದಂತೆ ಟಪಟಪ ಸದ್ದು! ಆಕೆ ಊದುವುದು ನಿಲ್ಲಿಸಿದಾಗ ಸದ್ದೂ ನಿಂತಿತು. ಅಷ್ಟರಲ್ಲಿ ಯಾರೋ ಪಕ್ಕದ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿದರು. ಟಪಟಪ ಹೋಗಿ ಬರೀ ಗುಂಯ್ ಎನ್ನುವ ಸದ್ದು ಉಳಿಯಿತು. ಚಾರ್ಜರ್ ತೆಗೆಸಿ ಮಕ್ಕಳಿಗೆ ಅದನ್ನೇ ವಿವರಿಸಿದೆ. ಕೋಣೆಯ ಗೋಡೆಯೊಳಗಿನ 230 ವೋಲ್ಟ್ ತಂತಿ ಸೆಕೆಂಡಿಗೆ 50 ಬಾರಿ ಏರಿಳಿಯುತ್ತಿರುತ್ತದೆ. ನಮ್ಮ ಮೈ, ಸೂಜಿ, ತಂತಿ ಎಲ್ಲವೂ ಅದನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತಿರುತ್ತವೆ. ಹಾಗೆ ಸೇರಿದ್ದು ನರದ ಸಂಕೇತಕ್ಕಿಂತ ಸಾವಿರ ಪಟ್ಟು ದೊಡ್ಡದಿರಬಹುದು.

ಚಿಪ್ ವಿನ್ಯಾಸದ ಅರ್ಧ ಜಾಣತನ ಇಂಥ ಬೇಡದ ಸದ್ದನ್ನು ಕಳೆಯುವುದರಲ್ಲೇ ಇದೆ. ಒಂದು ಎಲೆಕ್ಟ್ರೋಡ್ ಕೋಶದ ಬಳಿ, ಇನ್ನೊಂದು ದೂರದಲ್ಲಿ ಇಟ್ಟರೆ 50 ಹರ್ಟ್ಸಿನ ಗುಂಯ್‌ಕಾರ ಎರಡಕ್ಕೂ ಸಮನಾಗಿ ಬರುತ್ತದೆ, ಸ್ಪೈಕ್ ಒಂದಕ್ಕೆ ಮಾತ್ರ. ಎರಡರ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವ ಆಂಪ್ಲಿಫೈಯರ್ ಇದ್ದರೆ ಗುಂಯ್‌ಕಾರ ತಾನಾಗಿ ಕಳೆದುಹೋಗಬೇಕು. ಆದರೆ ಚಿಪ್ಪಿನ ಎರಡು ಕೈಗಳು ನಿಜಕ್ಕೂ ಒಂದೇ ಸಮ ಇದ್ದಾಗ ಮಾತ್ರ. ಲೇಔಟ್‌ನಲ್ಲಿ ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕಿಂತ ಎಳೆಯಷ್ಟು ಭಿನ್ನವಾದರೂ ಆ ಸದ್ದು ಒಳನುಸುಳುತ್ತದೆ. ಹೊಸ ಚಿಪ್ ಫ್ಯಾಬ್‌ನಿಂದ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯಿಂದ, ಬಂದ ರಾತ್ರಿಗಳಲ್ಲಿ ನಮ್ಮ ಲ್ಯಾಬಿನಲ್ಲಿ ಫ್ಯಾನ್ ಆರಿಸಿ, ಟ್ಯೂಬ್‌ಲೈಟ್ ಆರಿಸಿ, ಬೋರ್ಡನ್ನು ಬ್ಯಾಟರಿಯ ಮೇಲೆ ನಡೆಸಿ, ಉಕ್ಕಿನ ಡಬ್ಬಿಯೊಳಗೆ ಮುಚ್ಚಿಟ್ಟು ಅಳೆಯುತ್ತಿದ್ದೆವು. ಅಂಥ ಮೌನದಲ್ಲೂ ಪರದೆಯ ಮೇಲೆ ಒಂದು ಸಣ್ಣ ನಡುಕ ಉಳಿಯುತ್ತಿತ್ತು. ಅದು ಚಿಪ್ಪಿನದೇ ಸದ್ದು. ಈ ಕೆಲಸದ ನಿಜವಾದ ತೊಡಕು ಅಲ್ಲಿಂದ ಶುರು.

ಮೊದಲು ಎಲೆಕ್ಟ್ರೋಡಿನ ಮಾತು. ಲೋಹವನ್ನು ಉಪ್ಪುನೀರಿನಲ್ಲಿ ಅದ್ದಿದರೆ ಅದರ ಮೇಲ್ಮೈಯಲ್ಲಿ ತನ್ನಷ್ಟಕ್ಕೆ ಒಂದು ವೋಲ್ಟೇಜ್ ಹುಟ್ಟುತ್ತದೆ. ಹಾಗೆ ಹುಟ್ಟಿದ್ದು ಹತ್ತಾರು ಮಿಲಿವೋಲ್ಟ್ ಇರುತ್ತದೆ, ಅಂದರೆ ನಮಗೆ ಬೇಕಾದ ಸಂಕೇತದ ನೂರಾರು ಪಟ್ಟು. ಚಿಪ್ ತಯಾರಿಕೆಯಲ್ಲಿ ಮಾಮೂಲಾಗಿ ಬಳಸುವ ಅಲ್ಯುಮಿನಿಯಂ ಇಲ್ಲಿ ನಡೆಯುವುದಿಲ್ಲ, ಉಪ್ಪುನೀರು ಅದನ್ನು ತಿಂದುಹಾಕುತ್ತದೆ. ಅದರ ಮೇಲೆ ಪ್ಲಾಟಿನಂನಂಥದ್ದನ್ನು ಹೊದಿಸಬೇಕು. ಇನ್ನು ಎಲೆಕ್ಟ್ರೋಡ್ ಚಿಕ್ಕದಾದಷ್ಟೂ ಒಂದೊಂದೇ ಕೋಶದ ದನಿ ಬಿಡಿಬಿಡಿಯಾಗಿ ಸಿಗುತ್ತದೆ, ನಿಜ. ಅದರ ಜೊತೆಗೇ ಅದರ ಪ್ರತಿರೋಧವೂ ಏರುತ್ತದೆ. ಪ್ರತಿರೋಧ ಏರಿದರೆ ಎರಡು ತಾಪತ್ರಯ. ಒಂದು, ಬೆಚ್ಚಗಿರುವ ಯಾವುದೇ ಪ್ರತಿರೋಧದೊಳಗೆ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲ. ಮೈಯ ಶಾಖದಲ್ಲಿ ಹತ್ತು ಲಕ್ಷ ಓಮ್‌ನ ಪ್ರತಿರೋಧವೊಂದು ಸ್ಪೈಕ್ ಇರುವ ಆವರ್ತನಗಳಲ್ಲಿ ತಾನೇ ಸುಮಾರು 13 ಮೈಕ್ರೊವೋಲ್ಟ್ ಸದ್ದು ಮಾಡುತ್ತದೆ. ಎರಡನೆಯದು ನಮ್ಮ ಜಿಲ್ಲೆಯ ರೈತರಿಗೆ ಹೇಳಬೇಕಾದ್ದೇ ಇಲ್ಲ. ಸಣ್ಣ ಒರತೆಯ ಬೋರ್‌ವೆಲ್ಲಿಗೆ ದೊಡ್ಡ ಮೋಟಾರ್ ಇಳಿಸಿದರೆ ನೀರಿನ ಮಟ್ಟ ಗಳಿಗೆಯಲ್ಲಿ ತಳ ಸೇರುತ್ತದೆ. ನರಕೋಶದಿಂದ ಸಿಗುವ ವಿದ್ಯುತ್ತೂ ಅಂಥ ಒರತೆ. ಆಂಪ್ಲಿಫೈಯರ್ ಅದರಿಂದ ಕರೆಂಟ್ ಎಳೆಯದೆ ವೋಲ್ಟೇಜನ್ನು ಮಾತ್ರ ನೋಡಬೇಕು. ಅದಕ್ಕೇ ಎಲೆಕ್ಟ್ರೋಡಿನ ಹೊರಗಾತ್ರ ಚಿಕ್ಕದಿದ್ದರೂ ಒಳಮೇಲ್ಮೈ ಹೆಚ್ಚಾಗಲೆಂದು ಒರಟು ಪ್ಲಾಟಿನಂ, ಟೈಟಾನಿಯಂ ನೈಟ್ರೈಡ್, ಪೆಡಾಟ್ ಎಂಬ ವಿದ್ಯುತ್‌ವಾಹಕ ಪಾಲಿಮರ್ ಮೊದಲಾದವುಗಳನ್ನು ಲೇಪಿಸುತ್ತಾರೆ.

ಆಮೇಲೆ ಟ್ರಾನ್ಸಿಸ್ಟರ್. ಪತ್ರಿಕೆಗಳಲ್ಲಿ ನಾವು ದಿನಾ ಓದುವುದು 3 ನ್ಯಾನೊಮೀಟರ್, 2 ನ್ಯಾನೊಮೀಟರ್ ಎಂಬ ಪೈಪೋಟಿಯ ಸುದ್ದಿ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಚಿಪ್ ಮೇಲು ಎಂಬ ನಂಬಿಕೆ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಲೆಕ್ಕ ಮಾಡುವ ಚಿಪ್ಪಿಗೆ ಅದು ಸರಿ. ನರದ ಸಂಕೇತ ಕೇಳುವ ಚಿಪ್ಪಿಗೆ ಅದು ತಲೆಕೆಳಗು. ಟ್ರಾನ್ಸಿಸ್ಟರಿನ ಗೇಟಿನ ಕೆಳಗಿನ ಆಕ್ಸೈಡ್ ಪದರದಲ್ಲಿ ಅಲ್ಲಲ್ಲಿ ಸಣ್ಣ ದೋಷಗಳಿರುತ್ತವೆ. ಅವು ಎಲೆಕ್ಟ್ರಾನುಗಳನ್ನು ಹಿಡಿಯುವುದು, ಬಿಡುವುದು ಮಾಡುತ್ತಲೇ ಇರುತ್ತವೆ. ಅದರಿಂದ ಏಳುವ ನಿಧಾನಗತಿಯ ಸದ್ದಿಗೆ ಫ್ಲಿಕರ್ ನಾಯ್ಸ್ ಎನ್ನುತ್ತೇವೆ. ಗೇಟಿನ ವಿಸ್ತಾರ ಹೆಚ್ಚಾದಷ್ಟೂ ಈ ಏರಿಳಿತಗಳು ಒಂದಕ್ಕೊಂದು ಸರಿದೂಗಿ ಸದ್ದು ತಗ್ಗುತ್ತದೆ. ಹಾಗಾಗಿ ನರದ ಆಂಪ್ಲಿಫೈಯರಿನ ಮೊದಲ ಜೋಡಿ ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ದೊಡ್ಡದಾಗಿ ಬರೆಯುತ್ತಾರೆ, ಸಾಮಾನ್ಯವಾಗಿ ಪಿ-ಚಾನೆಲ್ ಜಾತಿಯವನ್ನು, ಏಕೆಂದರೆ ಅವುಗಳಲ್ಲಿ ಆ ಸದ್ದು ಇನ್ನೂ ಕಡಿಮೆ. ತೀರಾ ಹೊಸ ತಂತ್ರಜ್ಞಾನದ ಪುಟ್ಟ ಟ್ರಾನ್ಸಿಸ್ಟರುಗಳಲ್ಲಿ ಸೋರಿಕೆಯೂ ಜಾಸ್ತಿ.

ಈ ಕ್ಷೇತ್ರದವರೆಲ್ಲ ಇಂದಿಗೂ ಮೊದಲು ಓದುವ ವಿನ್ಯಾಸ 2003ರದು. ಯೂಟಾ ವಿಶ್ವವಿದ್ಯಾಲಯದ ರೀಡ್ ಹ್ಯಾರಿಸನ್ ಮತ್ತು ಕ್ಯಾಮೆರಾನ್ ಚಾರ್ಲ್ಸ್ ಅದನ್ನು ಪ್ರಕಟಿಸಿದರು. ಆ ಹೊತ್ತಿಗೇ ಹಳೆಯದಾಗಿದ್ದ 1.5 ಮೈಕ್ರೊಮೀಟರ್ ತಂತ್ರಜ್ಞಾನದಲ್ಲಿ ಮಾಡಿದ ಆ ಆಂಪ್ಲಿಫೈಯರಿನ ಸದ್ದು 2.2 ಮೈಕ್ರೊವೋಲ್ಟ್, ಬಳಸುವ ಶಕ್ತಿ 80 ಮೈಕ್ರೊವಾಟ್. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು ಸಂಗತಿ. ಎಲೆಕ್ಟ್ರೋಡಿನ ಆ ಹತ್ತಾರು ಮಿಲಿವೋಲ್ಟನ್ನು ಕೆಪಾಸಿಟರ್ ಇಟ್ಟು ತಡೆಯಬಹುದು, ಆದರೆ ಮಿದುಳಿನ ನಿಧಾನದ ಅಲೆಗಳು ತಪ್ಪಿಹೋಗಬಾರದು. ಅದಕ್ಕೆ ಲಕ್ಷ ಕೋಟಿ ಓಮ್‌ನಷ್ಟು ಪ್ರತಿರೋಧ ಬೇಕು. ಅಷ್ಟನ್ನು ಮಾಮೂಲಿ ರೆಸಿಸ್ಟರಿನಲ್ಲಿ ಮಾಡಹೋದರೆ ಇಡೀ ಚಿಪ್ ಸಾಲದು. ಅವರು ಟ್ರಾನ್ಸಿಸ್ಟರನ್ನೇ ಆರಿದ ಸ್ಥಿತಿಯಲ್ಲಿ ಜೋಡಿಸಿ, ಅದರ ಮೂಲಕ ಜಿನುಗುವ ಅತ್ಯಲ್ಪ ಕರೆಂಟನ್ನೇ ಆ ಪ್ರತಿರೋಧವಾಗಿ ಬಳಸಿಕೊಂಡರು. ಬೇರೆಡೆ ದೋಷವೆನಿಸುವ ಸೋರಿಕೆಯನ್ನು ಕೆಲಸಕ್ಕೆ ಹಚ್ಚಿದ ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಎದ್ದು ಓಡಾಡುವಷ್ಟು ಖುಷಿಯಾಗಿತ್ತು.

ಶಕ್ತಿಯ ಲೆಕ್ಕ ಇಲ್ಲಿ ಬ್ಯಾಟರಿ ಉಳಿತಾಯಕ್ಕಿಂತ ದೊಡ್ಡದು. ಮಿದುಳಿನ ಅಂಗಾಂಶ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂಬುದು ವಿನ್ಯಾಸಕಾರರು ಇಟ್ಟುಕೊಂಡಿರುವ ಗೆರೆ. ಸದ್ದು ಕಡಿಮೆ ಮಾಡಲು ಹೆಚ್ಚು ಕರೆಂಟ್ ಹರಿಸಬೇಕು, ಕರೆಂಟ್ ಹರಿಸಿದರೆ ಬಿಸಿಯೇರುತ್ತದೆ. ಒಂದು ಎಲೆಕ್ಟ್ರೋಡಿಗೆ ನಿಭಾಯಿಸಬಹುದು, ಸಾವಿರ ಎಲೆಕ್ಟ್ರೋಡಿಗೆ? ಜೊತೆಗೆ ದತ್ತಾಂಶದ ಹೊರೆ. 1024 ಎಲೆಕ್ಟ್ರೋಡ್, ಪ್ರತಿಯೊಂದರಿಂದ ಸೆಕೆಂಡಿಗೆ 20,000 ಮಾದರಿ, ಒಂದೊಂದಕ್ಕೆ 10 ಬಿಟ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 20 ಕೋಟಿ ಬಿಟ್ ದಾಟುತ್ತದೆ. ಅಷ್ಟನ್ನು ತಂತಿಯಿಲ್ಲದೆ ತಲೆಬುರುಡೆಯಾಚೆ ಕಳಿಸುವುದಕ್ಕೇ ಬಹಳ ಶಕ್ತಿ ಬೇಕು. ಆದ್ದರಿಂದ ಚಿಪ್ ತಾನೇ ಸ್ಪೈಕ್ ಎಲ್ಲಿದೆಯೆಂದು ಗುರುತಿಸಿ ಅಷ್ಟನ್ನೇ ಕಳಿಸುವ ದಾರಿ ಹಿಡಿದಿದ್ದಾರೆ. 2017ರಲ್ಲಿ ಪ್ರಕಟವಾದ, ಬೆಲ್ಜಿಯಂನ ಐಮೆಕ್ ಸಂಸ್ಥೆ ತಯಾರಿಸುವ ನ್ಯೂರೊಪಿಕ್ಸೆಲ್ಸ್ ಎಂಬ ಶಲಾಕೆಯಲ್ಲಿ ಕೂದಲಿನಷ್ಟು, ಅಂದರೆ 70 ಮೈಕ್ರೊಮೀಟರ್ ಅಗಲದ, ಒಂದು ಸೆಂಟಿಮೀಟರ್ ಉದ್ದದ ಸಿಲಿಕಾನ್ ಕಡ್ಡಿಯ ಮೇಲೆ 960 ಎಲೆಕ್ಟ್ರೋಡುಗಳಿವೆ. ಅವುಗಳಲ್ಲಿ 384ರಿಂದ ಒಮ್ಮೆಗೇ ದಾಖಲಿಸಬಹುದು. ಜಗತ್ತಿನ ನರವಿಜ್ಞಾನದ ದಿಕ್ಕನ್ನೇ ಬದಲಿಸಿದ ಈ ಶಲಾಕೆ ತಯಾರಾದದ್ದು 130 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ. ಅದು ಇಪ್ಪತ್ತೈದು ವರ್ಷ ಹಿಂದಿನದು.

ಸರ್ಕ್ಯೂಟ್ ಎಷ್ಟೇ ಚೆನ್ನಾಗಿದ್ದರೂ ಮಿದುಳು ಅದನ್ನು ಒಪ್ಪಬೇಕು. ಸಿಲಿಕಾನ್ ಕಲ್ಲಿನಂತೆ ಗಟ್ಟಿ, ಮಿದುಳು ಬೆಣ್ಣೆಗಿಂತ ಮೃದು. ಉಸಿರಿಗೆ, ನಾಡಿಗೆ ಅದು ಅಲುಗುತ್ತಲೇ ಇರುತ್ತದೆ. ಗಟ್ಟಿ ಸೂಜಿಯ ಸುತ್ತ ತಿಂಗಳುಗಳಲ್ಲಿ ಗಾಯದ ಪೊರೆ ಕಟ್ಟಿಕೊಂಡು ಕೋಶಗಳು ದೂರ ಸರಿಯುತ್ತವೆ, ಸಂಕೇತ ಮಂಕಾಗುತ್ತದೆ. ನ್ಯೂರಾಲಿಂಕ್ ಬಳಸುವುದು ಬಾಗುವ ಎಳೆಗಳನ್ನು, 64 ಎಳೆಗಳಲ್ಲಿ 1024 ಎಲೆಕ್ಟ್ರೋಡ್. ಆದರೂ ಮೊದಲ ರೋಗಿಯ ಮಿದುಳಿನಿಂದ ಹಲವು ಎಳೆಗಳು ಹಿಂದೆ ಸರಿದವೆಂದು ಕಂಪನಿಯೇ ಹೇಳಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾರ್ದಿಕ್ ಪಾಂಡ್ಯ ಅವರ ತಂಡ ಮಿದುಳಿನ ಮೇಲ್ಮೈಗೆ ಅಂಟಿಕೊಂಡು ಕೂರುವ, ಬಾಗುವ ಎಲೆಕ್ಟ್ರೋಡ್ ಹಾಳೆಗಳನ್ನು ಮಾಡಿ, ಇಲಿಗಳ ಮಿದುಳಿನಿಂದ ಮೂರ್ಛೆರೋಗದಂಥ ಸಂಕೇತಗಳನ್ನು ದಾಖಲಿಸಿದೆ. ಭರಮಸಾಗರದ ತಾಯಿಗೆ ಸಂಬಂಧಪಟ್ಟದ್ದು ಇದೇ ದಾರಿ. ಮಾತ್ರೆಗೆ ಬಗ್ಗದ ಕೆಲವರಲ್ಲಿ ಮೂರ್ಛೆ ಹುಟ್ಟುವ ಜಾಗವನ್ನು ಗುರುತಿಸಿ ಶಸ್ತ್ರಚಿಕಿತ್ಸೆ ಮಾಡಬಹುದು, ನಿಮ್ಹಾನ್ಸ್‌ನಲ್ಲಿ ಅದು ನಡೆಯುತ್ತದೆ. ಜಾಗ ಗುರುತಿಸಲು ಅಗತ್ಯ ಬಿದ್ದಾಗ ವೈದ್ಯರು ಮಿದುಳಿನ ಮೇಲೆ ಇಡುವ ಮಾಮೂಲಿ ಜಾಲರಿಯಲ್ಲಿ ಎಲೆಕ್ಟ್ರೋಡುಗಳು ಒಂದು ಸೆಂಟಿಮೀಟರ್ ಅಂತರದಲ್ಲಿರುತ್ತವೆ. ಎರಡರ ನಡುವೆ ಲಕ್ಷಾಂತರ ಕೋಶಗಳು ಉಳಿದುಹೋಗುತ್ತವೆ. ಸೂಕ್ಷ್ಮ ಎಲೆಕ್ಟ್ರೋಡುಗಳ ಹಾಳೆ ಆ ಜಾಗವನ್ನು ಇನ್ನೂ ನಿಖರವಾಗಿ ತೋರಿಸಬಲ್ಲದು. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ಆ ತಾಯಿಗೆ ನಾನು ಹೇಳಿದ್ದು, “ಅಮ್ಮಾ, ಚಿಪ್ಪಿಗೆ ಕಾಯಬೇಡಿ. ಈಗ ಇರುವ ಇಇಜಿ ಮತ್ತು ಎಂಆರ್‌ಐ ವರದಿ ತಗೊಂಡು ನರರೋಗ ತಜ್ಞರನ್ನ ಒಮ್ಮೆ ಕಾಣಿ. ಆಪರೇಷನ್‌ಗೆ ಆಗಿಬರುತ್ತಾ ಅಂತ ನೇರವಾಗಿ ಕೇಳಿ.”

ಭಾರತೀಯ ವಿಜ್ಞಾನ ಸಂಸ್ಥೆಯದೇ ನರವಿಜ್ಞಾನ ಕೇಂದ್ರದಲ್ಲಿ ಸುಪ್ರತಿಮ್ ರೇ ಅವರ ತಂಡ ಕೋತಿಗಳ ದೃಷ್ಟಿಭಾಗದಲ್ಲಿ ಸೂಕ್ಷ್ಮ ಎಲೆಕ್ಟ್ರೋಡುಗಳಿಟ್ಟು ಗಾಮಾ ಎಂಬ ವೇಗದ ಅಲೆಗಳನ್ನು ಅಭ್ಯಸಿಸುತ್ತದೆ. ಆ ತಿಳಿವಳಿಕೆಯನ್ನು ಹಿಡಿದು ಬೆಂಗಳೂರಿನ ಹಿರಿಯ ನಾಗರಿಕರ ನೆತ್ತಿಯ ಮೇಲಿಂದ ಇಇಜಿ ತೆಗೆದು ನೋಡಿದಾಗ, ಮರೆವಿನ ಕಾಯಿಲೆಯ ಮೊದಲ ಹಂತದಲ್ಲಿರುವವರಲ್ಲಿ ಈ ಅಲೆಗಳು ದುರ್ಬಲವಾಗಿರುವುದು ಕಂಡಿತು. 2021ರಲ್ಲಿ ಅದು ಪ್ರಕಟವಾಯಿತು. ಒಳಗಿಟ್ಟ ಚಿಪ್ಪಿನಿಂದ ಕಲಿತದ್ದು ಹೊರಗಿನ ಅಗ್ಗದ ಪರೀಕ್ಷೆಗೆ ನೆರವಾದರೆ, ತಲೆಗೆ ಚಿಪ್ ಹಾಕಿಸಿಕೊಳ್ಳದ ಕೋಟ್ಯಂತರ ಜನರಿಗೂ ಈ ವಿದ್ಯೆ ತಲುಪುತ್ತದೆ. ನನಗಂತೂ ಸುದ್ದಿಯಲ್ಲಿರುವ ಎಲ್ಲಕ್ಕಿಂತ ಇದು ದೊಡ್ಡದೆನಿಸುತ್ತದೆ.

ಪಿಯುಸಿ ಹುಡುಗನಿಗೆ ಉತ್ತರ ಇಷ್ಟು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸಾವಿರ ಎಲೆಕ್ಟ್ರೋಡಿನ ಚಿಪ್ ಕೇಳುವುದು ಅವುಗಳಲ್ಲಿ ಕೆಲವು ನೂರರಿಂದ ಸಾವಿರದಷ್ಟನ್ನು, ಅದೂ ತಾನು ಕೂತ ಒಂದೇ ಜಾಗದಲ್ಲಿ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಕೈಕಾಲಿಗೆ ಲಕ್ವ ಹೊಡೆದ ವ್ಯಕ್ತಿಯೊಬ್ಬರು ಮನಸ್ಸಿನಲ್ಲೇ ಕೈಬರಹ ಬರೆಯಲು ಯತ್ನಿಸಿದಾಗ ಆ ಅಕ್ಷರಗಳನ್ನು ನಿಮಿಷಕ್ಕೆ 90ರಂತೆ ಪರದೆಯ ಮೇಲೆ ಮೂಡಿಸಿತು. ಅದಕ್ಕೂ ಅವರು ತಾವಾಗಿ ಕೂತು, ಒಂದೊಂದು ಅಕ್ಷರವನ್ನೂ ಮತ್ತೆ ಮತ್ತೆ ಯೋಚಿಸಿ ಕಂಪ್ಯೂಟರಿಗೆ ಪಾಠ ಹೇಳಬೇಕಾಯಿತು. ಒಬ್ಬರ ಮಿದುಳಿನಿಂದ ಕಲಿತ ಪಾಠ ಇನ್ನೊಬ್ಬರಿಗೆ ಹಾಗೇ ಹೊಂದುವುದಿಲ್ಲ. ಗುಟ್ಟು ಕದಿಯುವ ಯಂತ್ರ ಇನ್ನೂ ಬಹಳ ದೂರವಿದೆ. ಆದರೂ ಮಿದುಳಿನ ದತ್ತಾಂಶ ಕಂಪನಿಯದಲ್ಲ, ಆಯಾ ಮನುಷ್ಯನದೇ ಎಂಬ ಕಾನೂನನ್ನು ಈಗಲೇ ಮಾಡಿಡುವುದು ಒಳ್ಳೆಯದು.

ಇನ್ನು ದಾವಣಗೆರೆಯ ಹುಡುಗಿ. ಅವಳ ಪ್ರಶ್ನೆಯಿಂದಲೇ ನಾನು ಇಷ್ಟು ಬರೆಯಲು ಕೂತದ್ದು. ನಮ್ಮ ಕಡೆಯ ಕಾಲೇಜುಗಳಲ್ಲಿ ಚಿಪ್ ವಿನ್ಯಾಸವೆಂದರೆ ವೆರಿಲಾಗ್ ಕೋಡ್ ಬರೆಯುವುದು ಎಂದಾಗಿದೆ, ಅನಲಾಗ್ ಪಾಠವನ್ನು ಪರೀಕ್ಷೆಗೆಂದು ಮುಗಿಸುತ್ತಾರೆ. ಇದು ನನಗೆ ನೋವಿನ ಸಂಗತಿ. ನರದ ಚಿಪ್ಪಿಗೆ ಸಾವಿರಾರು ಕೋಟಿಯ ಹೊಸ ಫ್ಯಾಬ್ ಬೇಡ. ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರದ್ದೇ ಆದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ 180 ನ್ಯಾನೊಮೀಟರ್ ತಂತ್ರಜ್ಞಾನ ಇದಕ್ಕೆ ಚೆನ್ನಾಗಿ ಒದಗುತ್ತದೆ. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಡಿ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಸೇರ್ಪಡೆಯಾದ ಕಾಲೇಜುಗಳಿಗೆ ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ಕೊಡುತ್ತದೆ, ವಿದ್ಯಾರ್ಥಿಗಳ ಚಿಪ್ ಮೊಹಾಲಿಯಲ್ಲಿ ತಯಾರಾಗುವುದಕ್ಕೂ ದಾರಿಯಿದೆ. ಎಲೆಕ್ಟ್ರೋಡ್ ಮಾಡಿ ನೋಡಬೇಕೆನ್ನುವ ಸಂಶೋಧಕರಿಗೆ ವಿಜ್ಞಾನ ಸಂಸ್ಥೆಯ ಕ್ಲೀನ್‌ರೂಮನ್ನು ಹೊರಗಿನವರೂ ಬಳಸುವ ಐನಪ್ ಎಂಬ ಕಾರ್ಯಕ್ರಮವಿದೆ. ಅದೇ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಬಳಿಯ ಕುದಾಪುರದಲ್ಲಿದೆ. ಅಲ್ಲಿ ಶಾಲಾ ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ನಡೆಯುತ್ತದೆ. ನರದ ಸಂಕೇತ ಕೇಳಿಸುವ ಪ್ರಯೋಗವೂ ಆ ಪಟ್ಟಿಗೆ ಸೇರಬೇಕೆಂಬುದು ನನ್ನ ಕೋರಿಕೆ.

ಆ ಹುಡುಗಿಗೆ ಕಾಯುವ ಅಗತ್ಯವೂ ಇಲ್ಲ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿ 130 ನ್ಯಾನೊಮೀಟರ್ ತಂತ್ರಜ್ಞಾನದ ವಿವರಗಳನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟವು. ಎನ್‌ಜಿಸ್ಪೈಸ್, ಮ್ಯಾಜಿಕ್ ಎಂಬ ಉಚಿತ ತಂತ್ರಾಂಶಗಳ ಜೊತೆ ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡು ಹ್ಯಾರಿಸನ್ ಅವರ ಆಂಪ್ಲಿಫೈಯರನ್ನು ಮತ್ತೆ ಕಟ್ಟಿ ನೋಡಬಹುದು. ಮೊದಲ ಜೋಡಿ ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿ ಸದ್ದು ಅಳೆಯಲಿ, ದೊಡ್ಡದು ಮಾಡಿ ಮತ್ತೆ ಅಳೆಯಲಿ. ಜೊತೆಜೊತೆಗೆ ಬ್ರೆಡ್‌ಬೋರ್ಡಿನ ಮೇಲೆ ಒಂದು ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಐಸಿ ಇಟ್ಟು ತನ್ನದೇ ಎರಡು ಮುಂಗೈಗಳಿಂದ ಹೃದಯದ ಸಂಕೇತ ಹಿಡಿಯಲಿ. ಅದು ಒಂದು ಮಿಲಿವೋಲ್ಟಿನಷ್ಟು ಇರುವುದರಿಂದ ನರದ ಸಂಕೇತಕ್ಕಿಂತ ಸುಲಭ. ಇಡೀ ಸರ್ಕ್ಯೂಟ್ 9 ವೋಲ್ಟ್ ಬ್ಯಾಟರಿಯ ಮೇಲೇ ನಡೆಯಬೇಕು. ಫಲಿತಾಂಶ ನೋಡುವ ಲ್ಯಾಪ್‌ಟಾಪಿನ ಚಾರ್ಜರನ್ನೂ ಗೋಡೆಯಿಂದ ಕಿತ್ತಿಟ್ಟಿರಬೇಕು. ಮೈಗೆ ತಾಗಿದ ತಂತಿಗೂ ಮನೆಯ ಕರೆಂಟಿಗೂ ಯಾವ ದಾರಿಯಲ್ಲೂ ಸಂಪರ್ಕ ಇರಕೂಡದು.